ನಾಯಿಯ ಓಪನ್ ಹಾರ್ಟ್ ಸರ್ಜರಿ ಕಲಿಯಬೇಕೆಂದರೆ ಮೊದಲು ಪಂಪಿನ ಪಕ್ಕ ನಿಲ್ಲಿ

ಪ್ರಶ್ನೆ: ಎಂವಿಎಸ್‌ಸಿ (ಪಶುವೈದ್ಯಕೀಯ ಸ್ನಾತಕೋತ್ತರ) ಸರ್ಜರಿ ಮುಗಿಸಿ ನಾಲ್ಕು ವರ್ಷವಾಯಿತು, ಬೆಂಗಳೂರಿನ ಸಾಕುಪ್ರಾಣಿ ಆಸ್ಪತ್ರೆಯೊಂದರಲ್ಲಿದ್ದೇನೆ. ಹೃದಯದ ಎಡಭಾಗದ ಮೈಟ್ರಲ್ ಕವಾಟ ಸೋರುವ ಪಾಮರೇನಿಯನ್, ಶಿಟ್ಸುಗಳು ವಾರಕ್ಕೆ ಮೂರ್ನಾಲ್ಕಾದರೂ ಬರುತ್ತವೆ. ಹೃದಯಕ್ಕೆ ಬಲ ಕೊಡುವ ಪಿಮೊಬೆಂಡಾನ್, ಮೈಯ ನೀರಿಳಿಸುವ ಫ್ಯೂರೊಸೆಮೈಡ್ ಬರೆದು ಕಳಿಸುತ್ತೇವೆ. ಜಪಾನಿನಲ್ಲಿ ಇಂಥ ನಾಯಿಗಳ ಹೃದಯ ತೆರೆದು ಕವಾಟ ಸರಿಪಡಿಸುತ್ತಾರೆಂದು ಓದಿದೆ. ಆ ತರಬೇತಿಗೆ ಎಲ್ಲಿಂದ ಶುರು ಮಾಡಬೇಕು? ಎರಡು ವಾರದ ಕೋರ್ಸುಗಳಿಂದ ಪ್ರಯೋಜನವಿದೆಯೇ? ಇಲ್ಲೇ ಇದ್ದು ಎಷ್ಟು ಕಲಿಯಬಹುದು?

ಉತ್ತರ: ಕೊನೆಯ ಎರಡು ಪ್ರಶ್ನೆಗಳನ್ನು ಮೊದಲು ಮುಗಿಸೋಣ. ಎರಡು ವಾರದ ಕೋರ್ಸಿನಿಂದ ಯಾರೂ ಹೃದಯ ತೆರೆಯಲು ಕಲಿಯುವುದಿಲ್ಲ. ತನಗೆ ಏನೇನು ಬರುವುದಿಲ್ಲ ಎಂಬುದು ಗೊತ್ತಾಗುತ್ತದೆ. ಅಷ್ಟರ ಮಟ್ಟಿಗೆ ಕೊಟ್ಟ ದುಡ್ಡು ದಂಡವಲ್ಲ. ಇಲ್ಲೇ ಇದ್ದು ಅರ್ಧದಷ್ಟು ಕಲಿಯಬಹುದು. ಆ ಅರ್ಧದಲ್ಲಿ ಕವಾಟದ ಹೊಲಿಗೆ ಬರುವುದಿಲ್ಲ. ಎಕೋ (ಹೃದಯದ ಅಲ್ಟ್ರಾಸೌಂಡ್) ಬರುತ್ತದೆ, ಹೃದಯ ನಿಲ್ಲಿಸದೆ ಮಾಡುವ ಎದೆಯ ಶಸ್ತ್ರಚಿಕಿತ್ಸೆ ಬರುತ್ತದೆ, ಅರಿವಳಿಕೆ ಬರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಪಂಪ್, ಅಂದರೆ ಹೃದಯ-ಶ್ವಾಸಕೋಶ ಯಂತ್ರ, ಬರುತ್ತದೆ. ಸರ್ಜನ್‌ಗೆ ಹೊಲಿಗೆಯ ಮೇಲೆ ಕಣ್ಣಿರುವುದು ಸಹಜ. ನಾಯಿ ಸಾಯುವುದು ಮಾತ್ರ ಬಹುಪಾಲು ಹೊಲಿಗೆಯಿಂದಲ್ಲ. ಪಂಪಿಗೆ ಹತ್ತುವಾಗ, ಪಂಪಿನಿಂದ ಇಳಿಯುವಾಗ, ಇಲ್ಲವೇ ಅದೇ ರಾತ್ರಿ ಐಸಿಯುನಲ್ಲಿ.

ಈ ಶಸ್ತ್ರಚಿಕಿತ್ಸೆ ಎಲ್ಲಿಗೆ ಬಂದು ನಿಂತಿದೆ ಎಂದು ಒಂದು ಮಾತು. ಚಿಕ್ಕ ತಳಿಯ ನಾಯಿಗಳಲ್ಲಿ ಬೈಪಾಸ್ ಮೇಲೆ, ಅಂದರೆ ಹೃದಯ ನಿಲ್ಲಿಸಿ ಅದರ ಕೆಲಸವನ್ನು ಪಂಪಿಗೆ ಒಪ್ಪಿಸಿ, ಮೈಟ್ರಲ್ ರಿಪೇರಿಯನ್ನು ನೆಚ್ಚಿಕೊಳ್ಳಬಹುದಾದ ಚಿಕಿತ್ಸೆಯಾಗಿ ಮಾಡಿದ್ದು ಜಪಾನಿನ ಮಸಾಮಿ ಉಎಚಿ ಮತ್ತು ಅವರ ತಂಡ. 2006ರಿಂದ 2009ರವರೆಗಿನ 48 ನಾಯಿಗಳ ವಿವರವನ್ನು ಅವರು 2012ರಲ್ಲಿ ಪ್ರಕಟಿಸಿದರು. 45 ನಾಯಿಗಳು ಬದುಕಿ ಮನೆಗೆ ಹೋಗಿದ್ದವು. ಈಗ ಅವರ ಕೇಂದ್ರ ಯೊಕೊಹಾಮಾದಲ್ಲಿದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನಲ್ಲಿ ಡ್ಯಾನ್ ಬ್ರಾಕ್‌ಮನ್ ನೇತೃತ್ವದಲ್ಲಿ, ಅಮೆರಿಕದಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ, ಫ್ರಾನ್ಸಿನ ವರ್ಸೈನಲ್ಲಿ ಇದೇ ಕೆಲಸ ಬೆಳೆಯಿತು. ಜಗತ್ತಿನಲ್ಲಿ ನಿಯಮಿತವಾಗಿ ಇದನ್ನು ಮಾಡುವ ತಂಡಗಳನ್ನು ಬೆರಳೆಣಿಕೆಯಲ್ಲಿ ಹೇಳಿ ಮುಗಿಸಬಹುದು. ವಿಚಿತ್ರವೆಂದರೆ ಈ ಪಂಪ್ ಯಂತ್ರ ಹುಟ್ಟಿದ್ದೇ ಪ್ರಾಣಿಗಳ ಮೇಲೆ. ಅಮೆರಿಕದ ಸರ್ಜನ್ ಜಾನ್ ಗಿಬ್ಬನ್ 1930ರ ದಶಕದಲ್ಲಿ ಬೆಕ್ಕುಗಳನ್ನು ಪಂಪಿನ ಮೇಲಿಟ್ಟು ಕಲಿತು, 1953ರಲ್ಲಿ ಮೊದಲ ಬಾರಿಗೆ ಮನುಷ್ಯರಲ್ಲಿ ಯಶಸ್ವಿಯಾದರು. ಆ ಯಂತ್ರ ರೋಗಿಯಾಗಿ ಬಂದ ನಾಯಿಯ ಉಪಯೋಗಕ್ಕೆ ಸರಿಯಾಗಿ ಒದಗಲು ಮತ್ತೆ ಅರ್ಧ ಶತಮಾನ ಹಿಡಿಯಿತು.

ತಡವಾದದ್ದೇಕೆ? ಗಾತ್ರ. ಇದನ್ನು ಕಾಗದದ ಮೇಲೆ ನೀವೇ ಲೆಕ್ಕ ಹಾಕಿ ನೋಡಬೇಕು. ತರಬೇತಿ ಶುರುವಾಗುವುದು ಈ ಲೆಕ್ಕದಿಂದ.

4 ಕೆ.ಜಿ. ಪಾಮರೇನಿಯನ್ ಇದೆ ಎನ್ನಿ. ಕೆ.ಜಿ.ಗೆ 85 ಮಿ.ಲೀ.ನಂತೆ ಅದರ ಮೈಯಲ್ಲಿರುವ ರಕ್ತ 340 ಮಿ.ಲೀ. ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 38 ಇದ್ದರೆ ಕೆಂಪುಕಣಗಳು ಸುಮಾರು 129 ಮಿ.ಲೀ. ಪಂಪಿನ ನಳಿಕೆ, ಆಕ್ಸಿಜನೇಟರ್ (ರಕ್ತಕ್ಕೆ ಆಮ್ಲಜನಕ ಸೇರಿಸುವ ಭಾಗ), ರಿಸರ್ವಾಯರ್ (ರಕ್ತ ಬಂದು ನಿಲ್ಲುವ ಪಾತ್ರೆ) ತುಂಬಲು ಶಿಶುಗಳ ಸರ್ಕ್ಯೂಟಿನಲ್ಲೂ 180 ಮಿ.ಲೀ. ದ್ರವ ಬೇಕು ಎಂದಿಟ್ಟುಕೊಳ್ಳಿ. ಬರೀ ಸಲೈನ್ ಜಾತಿಯ ದ್ರವ ತುಂಬಿ ನಾಯಿಯನ್ನು ಅದಕ್ಕೆ ಜೋಡಿಸಿದ ಕ್ಷಣ ಒಟ್ಟು 520 ಮಿ.ಲೀ., ಪಿಸಿವಿ 25. ಮೇಲೆ ಕಾರ್ಡಿಯೋಪ್ಲೀಜಿಯಾ (ಹೃದಯ ನಿಲ್ಲಿಸುವ ದ್ರಾವಣ) ಕೆ.ಜಿ.ಗೆ 20 ಮಿ.ಲೀ.ನಂತೆ 80 ಮಿ.ಲೀ. ಕೊಟ್ಟು, ಅದನ್ನು ಹೊರಗೆ ಹೀರದೆ ಸರ್ಕ್ಯೂಟಿಗೇ ಬಿಟ್ಟರೆ ಪಿಸಿವಿ 21ರ ಆಸುಪಾಸು. ಇದೇ ನಾಯಿಗೆ 400 ಮಿ.ಲೀ. ಪ್ರೈಮ್ (ಮೊದಲೇ ತುಂಬುವ ದ್ರವ) ಬೇಡುವ ದೊಡ್ಡ ಸರ್ಕ್ಯೂಟ್ ಹಾಕಿದರೆ ಮೊದಲ ನಿಮಿಷದಲ್ಲೇ ಪಿಸಿವಿ 17. ಅದಕ್ಕೇ ಪ್ರೈಮ್‌ನಲ್ಲಿ ದಾನಿ ನಾಯಿಯ ರಕ್ತ ಸೇರಿಸುತ್ತಾರೆ. 180 ಮಿ.ಲೀ.ನಲ್ಲಿ 60 ಮಿ.ಲೀ. ಜಾಗಕ್ಕೆ ಪಿಸಿವಿ 60ರ ಪ್ಯಾಕ್ಡ್ ಸೆಲ್ಸ್ (ಸಾಂದ್ರ ಕೆಂಪುಕಣ) ಹಾಕಿದರೆ ಪಿಸಿವಿ 25ರ ಬದಲು 31-32ಕ್ಕೆ ನಿಲ್ಲುತ್ತದೆ. ಅಂದರೆ ಡಿಇಎ 1.1 ಟೈಪಿಂಗ್ (ನಾಯಿಯ ರಕ್ತದ ಗುಂಪು ನೋಡುವುದು), ಕ್ರಾಸ್‌ಮ್ಯಾಚ್ (ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆ), ನಂಬಬಹುದಾದ ದಾನಿ ನಾಯಿಗಳ ಪಟ್ಟಿ, ಇವು ಆಪರೇಷನ್ನಿನ ಹಿಂದಿನ ದಿನ ಹುಡುಕುವ ವಸ್ತುಗಳಲ್ಲ. ನಿಮ್ಮ ಆಸ್ಪತ್ರೆಯಲ್ಲಿ ರಕ್ತನಿಧಿ ಇಲ್ಲವಾದರೆ ಕವಾಟದ ಮಾತು ಬದಿಗಿಟ್ಟು ಮೊದಲು ಅದನ್ನು ಕಟ್ಟಿ.

ಇನ್ನೊಂದು ಲೆಕ್ಕ. ಪಂಪಿನ ಹರಿವು ಕೆ.ಜಿ.ಗೆ ನಿಮಿಷಕ್ಕೆ 80ರಿಂದ 100 ಮಿ.ಲೀ. 90 ಎಂದು ಹಿಡಿದರೆ 4 ಕೆ.ಜಿ.ಗೆ ನಿಮಿಷಕ್ಕೆ 360 ಮಿ.ಲೀ. ರಿಸರ್ವಾಯರ್‌ನಲ್ಲಿ 60 ಮಿ.ಲೀ. ಉಳಿದಿರುವಾಗ ಯಾರೋ ತಿಳಿಯದೆ ಅಭಿಧಮನಿಯ ನಳಿಕೆಯ ಮೇಲೆ ಮೊಣಕೈ ಊರಿದರು. ಪಂಪ್ ತಿರುಗುತ್ತಲೇ ಇದೆ. ರಿಸರ್ವಾಯರ್ ಬರಿದಾಗಲು ಹತ್ತು ಸೆಕೆಂಡ್. ಹನ್ನೊಂದನೆಯ ಸೆಕೆಂಡಿಗೆ ನಾಯಿಯ ಮಿದುಳಿಗೆ ಹೋಗುವುದು ಗಾಳಿ. ಆದ್ದರಿಂದ ಪಂಪ್ ನಡೆಸುವ ಪರ್ಫ್ಯೂಷನಿಸ್ಟ್ ಕಣ್ಣು ಮಾನಿಟರ್ ಮೇಲಿರುವುದಕ್ಕಿಂತ ಹೆಚ್ಚಾಗಿ ರಿಸರ್ವಾಯರ್ ಮಟ್ಟದ ಮೇಲಿರುತ್ತದೆ. ಮಟ್ಟ ಇಳಿಯುತ್ತಿದೆ ಎಂದು ಆತ ಕೂಗಿದರೆ ಸರ್ಜನ್ ಕೈಯಲ್ಲಿರುವ ಸೂಜಿ ಬಿಟ್ಟು ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ನಳಿಕೆ) ನೋಡಬೇಕು. ಗಾಳಿ ಹೋದಾಗ ಮಾಡಬೇಕಾದ್ದನ್ನು, ಅಂದರೆ ಪಂಪ್ ನಿಲ್ಲಿಸು, ಎರಡೂ ನಳಿಕೆಗೆ ಕ್ಲ್ಯಾಂಪ್ ಹಾಕು, ತಲೆ ಇಳಿಜಾರು ಮಾಡು, ನಳಿಕೆಯ ಗಾಳಿ ತೆಗೆದು ಮತ್ತೆ ಶುರು ಮಾಡು ಎಂಬುದನ್ನು, ನೀರು ತುಂಬಿದ ಸರ್ಕ್ಯೂಟಿನ ಮೇಲೆ ತಂಡವೆಲ್ಲ ಸೇರಿ ಬಾಯಿಪಾಠವಾಗುವಷ್ಟು ಸಲ ಮಾಡಿರಬೇಕು.

ಇದನ್ನು ಕಲಿಯಲು ನೀವು ಯೊಕೊಹಾಮಾಕ್ಕೆ ಹೋಗಬೇಕಿಲ್ಲ. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ದೊಡ್ಡ ಆಸ್ಪತ್ರೆಗಳು ಬೆಂಗಳೂರಿನಲ್ಲೇ ಇವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ಬಿ.ಎಸ್ಸಿ. ಪರ್ಫ್ಯೂಷನ್ ಟೆಕ್ನಾಲಜಿ ಓದಿಸುವ ಕಾಲೇಜುಗಳೂ ಇವೆ. ಮೂರೂವರೆ ಕೆ.ಜಿ. ಶಿಶುವಿಗೆ ಹಾಕುವ ಆಕ್ಸಿಜನೇಟರನ್ನೇ ಮೂರೂವರೆ ಕೆ.ಜಿ. ಚಿಹುವಾಹುವಾಗೂ ಹಾಕುವುದು. ಮನುಷ್ಯರ ಮೇಲೆ ನೀವು ಕೈ ಇಡುವಂತಿಲ್ಲ, ಇಡಲೂಬಾರದು. ಸಂಸ್ಥೆಯ ಅನುಮತಿ ಪಡೆದು ಪಂಪಿನ ಪಕ್ಕ ನಿಂತು ನೋಡಲು ಅಡ್ಡಿಯಿಲ್ಲ. ದೊಡ್ಡವರ ಬೈಪಾಸ್ ನೋಡುವುದು ದಂಡ, ಶಿಶುಗಳದ್ದೇ ನೋಡಿ. ಪರ್ಫ್ಯೂಷನಿಸ್ಟ್ ಒಬ್ಬರನ್ನು ಈ ಕೆಲಸಕ್ಕೆ ಒಲಿಸಿಕೊಂಡರೆ ಅರ್ಧ ದಾರಿ ಸಾಗಿತು ಎಂದೇ ಲೆಕ್ಕ. ಅವಧಿ ಮೀರಿದ ಸರ್ಕ್ಯೂಟುಗಳನ್ನು ಆಸ್ಪತ್ರೆಗಳು ಎಸೆಯುತ್ತವೆ. ಕೇಳಿ ತನ್ನಿ, ಜೋಡಿಸಿ ಬಿಚ್ಚಿ ಅಭ್ಯಾಸ ಮಾಡಿ. ಅಭ್ಯಾಸಕ್ಕೆ ಮಾತ್ರ; ರೋಗಿಗೆ ಅಲ್ಲ.

ಔಷಧಿಯಲ್ಲಿ ಎಡವುವ ಜಾಗ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್. ಪಂಪಿಗೆ ಹತ್ತುವ ಮುನ್ನ ಕೆ.ಜಿ.ಗೆ 300ರಿಂದ 400 ಯೂನಿಟ್, 4 ಕೆ.ಜಿ.ಗೆ 400ರಂತೆ 1,600 ಯೂನಿಟ್. ನಮ್ಮಲ್ಲಿ 5 ಮಿ.ಲೀ. ವಯಲ್ ಎರಡು ಬಲದಲ್ಲಿ ಸಿಗುತ್ತದೆ: ಒಂದರಲ್ಲಿ ಒಟ್ಟು 5,000 ಯೂನಿಟ್, ಇನ್ನೊಂದರಲ್ಲಿ 25,000. ಮೊದಲನೆಯದರಲ್ಲಿ ನಿಮಗೆ ಬೇಕಾದ್ದು 1.6 ಮಿ.ಲೀ., ಎರಡನೆಯದರಲ್ಲಿ 0.32 ಮಿ.ಲೀ. ಬಾಟಲಿ ನೋಡಲು ಒಂದೇ ಥರ, ತಪ್ಪಿದರೆ ಐದು ಪಟ್ಟು. ಥಿಯೇಟರಿನೊಳಗೆ ಒಂದೇ ಬಲದ ವಯಲ್ ಇರಲಿ. ಕೊಟ್ಟ ಮೇಲೆ ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) ನೋಡದೆ ಪಂಪ್ ತಿರುಗಿಸುವಂತಿಲ್ಲ. 400 ಸೆಕೆಂಡ್ ದಾಟಿರಬೇಕು, 480 ದಾಟಿದರೆ ನೆಮ್ಮದಿ. ದಾಟದಿದ್ದರೆ ಇನ್ನಷ್ಟು ಹೆಪಾರಿನ್ ಕೊಟ್ಟು ಮತ್ತೆ ನೋಡಿ. ಅಂದಾಜಿನಲ್ಲಿ ಮುಂದುವರಿದರೆ ಆಕ್ಸಿಜನೇಟರಿನೊಳಗೆ ರಕ್ತ ಹೆಪ್ಪುಗಟ್ಟುತ್ತದೆ. ಕೊನೆಯಲ್ಲಿ ಹೆಪಾರಿನ್ ಪ್ರಭಾವ ಇಳಿಸುವ ಪ್ರೋಟಮಿನ್, 100 ಯೂನಿಟ್ ಹೆಪಾರಿನ್‌ಗೆ 1 ಮಿ.ಗ್ರಾಂ.ನಂತೆ. 10-15 ನಿಮಿಷ ಹಿಡಿದು ನಿಧಾನವಾಗಿ. ಅವಸರದಲ್ಲಿ ತಳ್ಳಿದರೆ ರಕ್ತದೊತ್ತಡ ಕುಸಿದು, ಶ್ವಾಸಕೋಶದ ಕಡೆಯ ಒತ್ತಡ ಏರಿ, ಚೆನ್ನಾಗಿ ಬಡಿಯುತ್ತಿದ್ದ ಹೃದಯದ ಬಲಭಾಗ ಕಣ್ಣೆದುರೇ ಉಬ್ಬುತ್ತದೆ.

ಪಂಪಿನ ಪಾಠ ಒಂದು ಕಡೆ ನಡೆಯುತ್ತಿರುವಾಗ ಕೈಗೆ ಬೇಕಾದ ಪಾಠ ಪಿಡಿಎ. ಹುಟ್ಟಿದ ಮೇಲೆ ಮುಚ್ಚಬೇಕಿದ್ದ ಡಕ್ಟಸ್ (ಮಹಾಧಮನಿಗೂ ಶ್ವಾಸಕೋಶದ ಧಮನಿಗೂ ನಡುವಿನ ನಾಳ) ಮುಚ್ಚದೆ ಉಳಿದ ಮರಿಗಳು ಜರ್ಮನ್ ಶೆಫರ್ಡ್, ಪಾಮರೇನಿಯನ್ ಎರಡರಲ್ಲೂ ಬರುತ್ತವೆ. ಎಡ ನಾಲ್ಕನೆಯ ಪಕ್ಕೆ ಸಂದಿನಿಂದ ಒಳಹೋದರೆ ವೇಗಸ್ ನರ ಡಕ್ಟಸ್ಸಿನ ಮೇಲೇ ಹಾದುಹೋಗುತ್ತದೆ. ಅದನ್ನು ಮೆಲ್ಲಗೆ ಎತ್ತಿ ಹಿಡಿದು, ಲಂಬ ಕೋನದ ಫೋರ್ಸೆಪ್ಸ್‌ನಿಂದ ಡಕ್ಟಸ್ಸಿನ ಹಿಂಬದಿ ಬಿಡಿಸಬೇಕು. ಕಣ್ಣಿಗೆ ಕಾಣದ ಆ ಒಳಗೋಡೆಯೇ ಹರಿಯುವ ಜಾಗ. ಫೋರ್ಸೆಪ್ಸಿನ ತುದಿ ತೆರೆದು ಅಗಲಿಸುವ ಅಭ್ಯಾಸ ಇಲ್ಲಿ ಸಲ್ಲದು, ತಡವುತ್ತ ಮುಂದೆ ಹೋಗಬೇಕು. ರಕ್ತ ಚಿಮ್ಮಿದರೆ ಬೆರಳು ಒತ್ತಿ, ಕ್ಲ್ಯಾಂಪಿಗೆ ಕೈ ಚಾಚಬೇಡಿ. ಕುರುಡಾಗಿ ಹಾಕಿದ ಕ್ಲ್ಯಾಂಪ್ ಚಿಕ್ಕ ಹರಿತವನ್ನು ದೊಡ್ಡದು ಮಾಡುತ್ತದೆ. ದಾರ ದಾಟಿಸಿದ ಮೇಲೆ ಮಹಾಧಮನಿಯ ಕಡೆಯ ಗಂಟನ್ನು ಮೊದಲು, ಎರಡು ಮೂರು ನಿಮಿಷ ತೆಗೆದುಕೊಂಡು ಬಿಗಿಯಿರಿ. ಒಮ್ಮೆಲೇ ಬಿಗಿದರೆ ಒತ್ತಡ ಏರಿ ಹೃದಯದ ಬಡಿತ ದಿಢೀರನೆ ಇಳಿಯುತ್ತದೆ. ಇದು ಹೃದಯ ತೆರೆಯುವ ಶಸ್ತ್ರಚಿಕಿತ್ಸೆಯಲ್ಲ. ಆದರೆ ದೊಡ್ಡ ರಕ್ತನಾಳದ ಪಕ್ಕದಲ್ಲಿ ಅವಸರಪಡದೆ ಇರುವುದನ್ನು ಇದರಷ್ಟು ಚೆನ್ನಾಗಿ ಕಲಿಸುವ ಕೆಲಸ ಇನ್ನೊಂದಿಲ್ಲ. ಇಪ್ಪತ್ತು ಪಿಡಿಎ ತಣ್ಣಗೆ ಕಟ್ಟದವರು ಬೈಪಾಸ್ ಮಾತಾಡಬಾರದು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ದೇಶದ ಪಶುವೈದ್ಯರಿಗೆ ಎದೆಯೊಳಗೆ ಕೈ ಹಾಕುವುದು ಹೊಸದೇನಲ್ಲ ಎಂಬುದನ್ನೂ ಹೇಳಬೇಕು. ತಂತಿ ನುಂಗಿದ ಹಸುವಿನ ಪೆರಿಕಾರ್ಡಿಯಂ (ಹೃದಯದ ಚೀಲ) ತೆರೆದು ಕೀವು ಬಸಿದವರು, ಎಮ್ಮೆಯ ವಪೆಯ ಹರ್ನಿಯಾ ಹೊಲಿದವರು ಎಷ್ಟೋ ಜನ ಇದ್ದಾರೆ. ಧೈರ್ಯಕ್ಕೆ ಕೊರತೆಯಿಲ್ಲ, ಸಣ್ಣ ಗಾತ್ರದ ಅಭ್ಯಾಸಕ್ಕೆ ಇದೆ.

ಆ ಅಭ್ಯಾಸಕ್ಕೆ ಮಟನ್ ಅಂಗಡಿ ಸಾಕು. ಮೇಕೆಯ ಗುಂಡಿಗೆ ಮಧ್ಯಮ ಗಾತ್ರದ ನಾಯಿಯದಕ್ಕೆ ಹತ್ತಿರ. ಅಂಗಡಿಯವರು ರಕ್ತ ಬಸಿಯಲು ಅದಕ್ಕೆ ಉದ್ದಕ್ಕೆ ಕತ್ತಿ ಹಾಕಿರುತ್ತಾರೆ, ಅದು ಕೆಲಸಕ್ಕೆ ಬಾರದು. ಹಿಂದಿನ ದಿನವೇ ಹೇಳಿ, ಶ್ವಾಸಕೋಶದ ಸಮೇತ, ಗಾಯವಿಲ್ಲದ್ದನ್ನು ತೆಗೆದಿಡಿಸಿ. ಎಡ ಹೃತ್ಕರ್ಣವನ್ನು ತೆರೆದು ನೋಡಿ: ಎರಡು ದಳ, ಅವನ್ನು ಕೆಳಗಿನ ಎರಡು ಪ್ಯಾಪಿಲರಿ ಸ್ನಾಯುಗಳಿಗೆ ಕಟ್ಟಿ ಹಿಡಿದ ಬಿಳಿ ಎಳೆಗಳು. ಸೆಪ್ಟಲ್ (ಮಹಾಧಮನಿಯ ಕಡೆಯ) ದಳದ ಒಂದು ಎಳೆಯನ್ನು ಕತ್ತರಿಸಿ. ಮಹಾಧಮನಿಯನ್ನು ಬಿಗಿದು ಕಟ್ಟಿ, ಹೃದಯದ ತುದಿಯಿಂದ ಎಡ ಹೃತ್ಕುಕ್ಷಿಗೆ ಒಂದು ಕ್ಯಾತಿಟರ್ ಹಾಕಿ, ಸಲೈನ್ ಚೀಲವನ್ನು 135 ಸೆಂ.ಮೀ. ಎತ್ತರಕ್ಕೆ ತೂಗುಹಾಕಿ. ಅಷ್ಟು ಎತ್ತರದ ನೀರು 100 ಮಿ.ಮೀ. ಪಾದರಸದ ಒತ್ತಡಕ್ಕೆ ಸಮ. ಕತ್ತರಿಸಿದ ಜಾಗದಲ್ಲಿ ದಳ ಹೃತ್ಕರ್ಣದ ಕಡೆಗೆ ಗಾಳಿಗೆ ಮಗುಚಿದ ಕೊಡೆಯ ಹಾಗೆ ಹೊರಳಿ ನೀರು ಚಿಮ್ಮುತ್ತದೆ. ನಿಮ್ಮ ರೋಗಿಗಳ ಎಕೋದಲ್ಲಿ ಕಾಣುವ ಪ್ರೊಲ್ಯಾಪ್ಸ್ ಇದೇ.

ಈಗ ಹೊಸ ಎಳೆ ಹಾಕಿ. ನಿಜವಾದ ಶಸ್ತ್ರಚಿಕಿತ್ಸೆಯಲ್ಲಿ ಬಳಸುವುದು ಇಪಿಟಿಎಫ್ಇ (ಟೆಫ್ಲಾನ್ ಜಾತಿಯ) ದಾರ, ಚಿಕ್ಕ ನಾಯಿಗೆ ಸಿವಿ-6 ಅಥವಾ ಅದಕ್ಕಿಂತ ಸಪೂರ. ದುಬಾರಿ. ಮೊದಲ ಹತ್ತು ಗುಂಡಿಗೆಗಳಿಗೆ 5-0 ಪಾಲಿಪ್ರೊಪಿಲೀನ್ ಸಾಕು. ಆಮೇಲೆ ನಾಲ್ಕಾರು ಎಳೆಯನ್ನಾದರೂ ನಿಜವಾದ ದಾರದಲ್ಲೇ ಹಾಕಬೇಕು, ಏಕೆಂದರೆ ಅದು ಜಾರುವ ರೀತಿಯೇ ಬೇರೆ. ನಾಲ್ಕು ಗಂಟಿಗೆ ನಿಲ್ಲುವುದಿಲ್ಲ, ಏಳೆಂಟು ಬೇಕು. ಪ್ಯಾಪಿಲರಿ ಸ್ನಾಯುವಿನಲ್ಲಿ ಪ್ಲೆಜೆಟ್ (ದಾರ ಸ್ನಾಯುವನ್ನು ಕೊಯ್ಯದಂತೆ ಇಡುವ ಪುಟ್ಟ ಮೆತ್ತೆ) ಇಟ್ಟು ಹೊಲಿದು, ದಾರದ ತುದಿಗಳನ್ನು ದಳದ ಅಂಚಿನಲ್ಲಿ ದಾಟಿಸಿ, ಪಕ್ಕದ ಆರೋಗ್ಯವಂತ ಎಳೆಯಷ್ಟೇ ಉದ್ದ ಬಿಟ್ಟು ಗಂಟು ಹಾಕಬೇಕು. ಎರಡನೆಯ ಗಂಟು ಬಿಗಿಯುವಾಗ ಮೊದಲನೆಯದು ಕೆಳಗೆ ಜಾರಿ ಎಳೆ ಗಿಡ್ಡವಾಗುವುದೇ ಇಲ್ಲಿಯ ಕಾಟ. ಎಳೆ ಗಿಡ್ಡವಾದರೆ ದಳ ಕೆಳಗೆ ಸಿಕ್ಕಿಬಿದ್ದು ಎದುರು ದಳವನ್ನು ಮುಟ್ಟುವುದಿಲ್ಲ, ಉದ್ದವಾದರೆ ಮತ್ತೆ ಹೊರಳುತ್ತದೆ. ಸಹಾಯಕರು ಸಣ್ಣ ಫೋರ್ಸೆಪ್ಸ್‌ನಿಂದ ದಾರವನ್ನು ಬೇಕಾದ ಉದ್ದದಲ್ಲಿ ಹಿಡಿದಿದ್ದು, ನೀವು ಅದರ ಮೇಲೆ ಗಂಟು ಕೂರಿಸಿದರೆ ಜಾರುವುದಿಲ್ಲ. ಇದು ಒಬ್ಬರ ಕೆಲಸವಲ್ಲ ಎಂಬುದು ಆಗ ಕೈಗೇ ತಿಳಿಯುತ್ತದೆ. ಲೂಪ್ (ಸರ್ಜನ್ನರ ಭೂತಗನ್ನಡಿ ಕನ್ನಡಕ) ಹಾಕಿಕೊಂಡೇ ಅಭ್ಯಾಸ ಮಾಡಿ; 2.5ರಿಂದ 3.5 ಪಟ್ಟು ದೊಡ್ಡದು ಮಾಡುವಂಥದ್ದು, ಹಣೆದೀಪದ ಜೊತೆ. ಎಂಟು ಸೆಂ.ಮೀ. ಆಳದ ಸ್ಟೀಲ್ ಲೋಟದ ತಳದಲ್ಲಿ, ಅಂಚು ಮುಟ್ಟದೆ ಗಂಟು ಹಾಕುವುದು ದಿನಕ್ಕೆ ಹತ್ತು ನಿಮಿಷದ ಒಳ್ಳೆಯ ಸಾಧನೆ.

ಎಳೆಗಳಾದ ಮೇಲೆ ಆನ್ಯುಲೋಪ್ಲಾಸ್ಟಿ, ಅಗಲವಾಗಿ ಹಿಗ್ಗಿದ ಕವಾಟದ ಬಳೆಯನ್ನು ದಾರದಿಂದ ಕಿರಿದಾಗಿಸುವುದು. ಇಲ್ಲಿ ಎರಡು ಅಪಾಯ. ಪರೈಟಲ್ (ಹೊರಗೋಡೆಯ) ಬದಿಯಲ್ಲಿ ಸೂಜಿ ಆಳಕ್ಕೆ ಹೋದರೆ ಅಲ್ಲೇ ಕಂದಕದಲ್ಲಿ ಹರಿಯುವ, ಹೃದಯದ ಎಡಗೋಡೆಗೆ ರಕ್ತ ಕೊಡುವ ಸರ್ಕಂಫ್ಲೆಕ್ಸ್ ಧಮನಿ ಸಿಕ್ಕಿಬೀಳುತ್ತದೆ. ಪಂಪಿನಿಂದ ಇಳಿಸುವಾಗ ಎಡಗೋಡೆ ಅಲುಗದಿರುವುದೇ ಅದರ ಸುಳಿವು. ಸೆಪ್ಟಲ್ ಬದಿಯಲ್ಲಿ ಬೆನ್ನ ಹಿಂದೆಯೇ ಮಹಾಧಮನಿಯ ಕವಾಟವಿದೆ. ಬಹಳ ಬಿಗಿದರೆ ಸೋರುವ ಕವಾಟ ಹೋಗಿ ಕಿರಿದಾದ ಕವಾಟ ಬರುತ್ತದೆ, ಅದು ಇನ್ನೂ ಕೆಟ್ಟದ್ದು.

ನಿಜವಾದ ರೋಗಿಯಲ್ಲಿ ಇದೆಲ್ಲ ನಡೆಯುವುದು ನಿಂತ ಹೃದಯದಲ್ಲಿ, ಗಡಿಯಾರದ ಕೆಳಗೆ. ಕುತ್ತಿಗೆಯ ಕೆರೋಟಿಡ್ ಧಮನಿಗೆ ಒಂದು ಕ್ಯಾನುಲಾ, ಜುಗುಲಾರ್ ಅಭಿಧಮನಿಗೆ ಒಂದು. ಎದೆ ತೆರೆಯುವುದು ಎಡ ಐದನೆಯ ಸಂದಿನಲ್ಲಿ. ಮೈಯನ್ನು 28-32 ಡಿಗ್ರಿಗೆ ತಂಪು ಮಾಡಿ, ಮಹಾಧಮನಿಗೆ ಕ್ಲ್ಯಾಂಪ್ ಹಾಕಿ, ತಣ್ಣನೆಯ ಕಾರ್ಡಿಯೋಪ್ಲೀಜಿಯಾ ಕೊಟ್ಟರೆ ಹೃದಯ ಸಡಿಲವಾಗಿ ನಿಲ್ಲುತ್ತದೆ. ಸಾಮಾನ್ಯ ದ್ರಾವಣವಾದರೆ 20-30 ನಿಮಿಷಕ್ಕೊಮ್ಮೆ ಮತ್ತೆ ಕೊಡಬೇಕು. ನಾಲ್ಕು ಪಾಲು ದ್ರಾವಣಕ್ಕೆ ಒಂದು ಪಾಲು ರಕ್ತ ಬೆರೆಸುವ ಡೆಲ್ ನಿಡೋ ಎಂಬ ಕಾರ್ಡಿಯೋಪ್ಲೀಜಿಯಾ ಒಂದು ಡೋಸಿಗೆ ಒಂದು ಗಂಟೆಗೂ ಮೀರಿ ಕಾಯುತ್ತದೆ. ಮುಗಿಸಿ ಹೃತ್ಕರ್ಣ ಮುಚ್ಚುವಾಗ ಒಳಗಿನ ಗಾಳಿ ತೆಗೆಯುವುದಕ್ಕೆ ಹೊಲಿಗೆಗೆ ಕೊಟ್ಟಷ್ಟೇ ತಾಳ್ಮೆ ಕೊಡಿ. ಅನ್ನನಾಳದ ಎಕೋದಲ್ಲಿ ಬಿಳಿ ಚುಕ್ಕೆಗಳು ತೇಲುತ್ತಿರುವವರೆಗೂ ಕ್ಲ್ಯಾಂಪ್ ತೆಗೆಯುವ ಅವಸರ ಬೇಡ. ತೆಗೆದ ಮೇಲೆ ಹೃದಯ ಕಂಪಿಸುತ್ತ ನಿಂತರೆ ನೇರವಾಗಿ ಹೃದಯಕ್ಕೆ ಶಾಕ್. ಬೈಫೇಸಿಕ್ ಯಂತ್ರದಲ್ಲಿ ಕೆ.ಜಿ.ಗೆ 0.2-0.4 ಜೂಲ್ ಸಾಕು. ಹೊರಗಿನಿಂದ ಕೊಡುವ ಡೋಸ್ ಅದರ ಹತ್ತು ಪಟ್ಟು, ಅದನ್ನೇ ಒಳಗೆ ಕೊಟ್ಟರೆ ಹೃದಯದ ಸ್ನಾಯು ಸುಡುತ್ತದೆ.

ರಾತ್ರಿಯ ಕೆಲಸಕ್ಕೆ ಬೇರೆಯದೇ ತಂಡ ಬೇಕು. ಬೆಳಗ್ಗಿನಿಂದ ನಿಂತ ಸರ್ಜನ್ ರಾತ್ರಿ ಮೂರಕ್ಕೆ ಎದೆಯ ಡ್ರೇನ್ ಲೆಕ್ಕ ಸರಿಯಾಗಿ ನೋಡಲಾರ. ಕೆ.ಜಿ.ಗೆ ಗಂಟೆಗೆ 5 ಮಿ.ಲೀ.ಗಿಂತ ಹೆಚ್ಚು ರಕ್ತ, ಅಂದರೆ ನಮ್ಮ ಪಾಮರೇನಿಯನ್‌ಗೆ 20 ಮಿ.ಲೀ., ಗಂಟೆಗಟ್ಟಲೆ ಬರುತ್ತಲೇ ಇದ್ದರೆ ಮತ್ತೆ ತೆರೆಯುವ ಯೋಚನೆ ಮಾಡಬೇಕು. ಬರುತ್ತಿದ್ದದ್ದು ಥಟ್ಟನೆ ನಿಂತು ಬಡಿತ ಏರಿದರೆ ಸಂತೋಷಪಡಬೇಡಿ. ಡ್ರೇನ್ ಕಟ್ಟಿಕೊಂಡು ರಕ್ತ ಒಳಗೇ ನಿಂತಿರಬಹುದು. ಆಮ್ಲಜನಕ ಕುಸಿತ, ಲಯ ತಪ್ಪುವಿಕೆ, ಕಿಡ್ನಿ ತೊಂದರೆ, ಪ್ಯಾಂಕ್ರಿಯಾಟೈಟಿಸ್, ರಕ್ತಗಡ್ಡೆ, ಎಲ್ಲವೂ ಈ ದಿನಗಳಲ್ಲೇ. ಮನೆಗೆ ಹೋದ ಮೇಲೂ ಹೊಸ ದಾರದ ಮೇಲೆ ಗಡ್ಡೆ ಕೂರದಂತೆ ಕ್ಲೋಪಿಡೋಗ್ರೆಲ್ ಜಾತಿಯ ಔಷಧಿ ಕೆಲವು ತಿಂಗಳು ನಡೆಯುತ್ತದೆ.

ಯಾವ ನಾಯಿಗೆ ಮಾಡಬೇಕು ಎಂಬುದನ್ನು ಎಕೋ ಹೇಳಬೇಕು. ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆ ಎಸಿವಿಐಎಂನ 2019ರ ಮಾರ್ಗಸೂಚಿಯಂತೆ ಎಡ ಹೃತ್ಕರ್ಣ-ಮಹಾಧಮನಿ ಅನುಪಾತ 1.6 ಅಥವಾ ಹೆಚ್ಚು, ತೂಕಕ್ಕೆ ಹೊಂದಿಸಿದ ಎಡ ಹೃತ್ಕುಕ್ಷಿಯ ಅಳತೆ 1.7 ಅಥವಾ ಹೆಚ್ಚು, ಎಕ್ಸ್‌ರೇಯಲ್ಲಿ ವಿಎಚ್ಎಸ್ (ಬೆನ್ನುಮೂಳೆಗಳ ಲೆಕ್ಕದಲ್ಲಿ ಹೃದಯದ ಗಾತ್ರ) 10.5 ಮೀರಿದ್ದು, ಮರ್ಮರ್ (ಕವಾಟ ಸೋರುವ ಸದ್ದು) ಮೂರನೇ ದರ್ಜೆ ಅಥವಾ ಹೆಚ್ಚಿದ್ದರೆ ರೋಗ ಬಿ2 ಹಂತದ್ದು. ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಸಿ, ಸಾಮಾನ್ಯ ಡೋಸಿಗೆ ಬಗ್ಗದಿದ್ದರೆ ಡಿ. ಬಿ2ನಲ್ಲಿ ಪಿಮೊಬೆಂಡಾನ್ ಒಂದೇ ಹೃದಯ ವೈಫಲ್ಯವನ್ನು ಸುಮಾರು 15 ತಿಂಗಳು ಮುಂದೂಡುತ್ತದೆ ಎಂದು 2016ರ ಎಪಿಕ್ ಅಧ್ಯಯನ ತೋರಿಸಿತು. ಆದ್ದರಿಂದ ನೀವು ಬರೆದು ಕಳಿಸುತ್ತಿರುವ ಮಾತ್ರೆಯನ್ನು ಹಗುರವಾಗಿ ಕಾಣಬೇಡಿ. ಶಸ್ತ್ರಚಿಕಿತ್ಸೆಗೆ ಹದವಾದವರು ಸಿ ಹಂತಕ್ಕೆ ಬಂದ, ಕಿಡ್ನಿ ಇನ್ನೂ ಗಟ್ಟಿಯಿರುವ ನಾಯಿಗಳು. ಡಾಬರ್‌ಮನ್, ಲ್ಯಾಬ್ರಡಾರ್‌ಗಳಲ್ಲಿ ಹೃದಯದ ಸ್ನಾಯುವೇ ಸೋತು ಹಿಗ್ಗಿದ್ದರೆ ಕವಾಟ ಹೊಲಿದು ಪ್ರಯೋಜನವಿಲ್ಲ.

ಇನ್ನು ಔಪಚಾರಿಕ ದಾರಿ. ಅಮೆರಿಕದ ಎಸಿವಿಎಸ್ ಅಥವಾ ಯುರೋಪಿನ ಇಸಿವಿಎಸ್ (ಪಶುವೈದ್ಯ ಸರ್ಜನ್ನರ ಸಂಸ್ಥೆಗಳು) ಸರ್ಜರಿ ರೆಸಿಡೆನ್ಸಿ ಒಂದು ವರ್ಷದ ಇಂಟರ್ನ್‌ಶಿಪ್ ಆದ ಮೇಲೆ ಮೂರು ವರ್ಷ. ಅಮೆರಿಕದ ಸೀಟುಗಳು ಬಹುಪಾಲು ವಿಐಆರ್‌ಎಂಪಿ ಮ್ಯಾಚ್ (ಅರ್ಜಿದಾರರನ್ನೂ ಸೀಟುಗಳನ್ನೂ ಹೊಂದಿಸುವ ವ್ಯವಸ್ಥೆ) ಮೂಲಕ ಹಂಚಿಕೆಯಾಗುತ್ತವೆ. ನಮ್ಮ ಬಿವಿಎಸ್‌ಸಿಗೆ ಅಲ್ಲಿ ನೇರ ಮಾನ್ಯತೆಯಿಲ್ಲ, ವಿದೇಶಿ ಪದವೀಧರರಿಗಿರುವ ಇಸಿಎಫ್‌ವಿಜಿ ಅಥವಾ ಪೇವ್ ಪರೀಕ್ಷೆ ದಾಟಬೇಕು. ಬ್ರಿಟನ್ನಿನಲ್ಲಿ ಅಲ್ಲಿಯ ಪಶುವೈದ್ಯ ನಿಯಂತ್ರಣ ಸಂಸ್ಥೆ ಆರ್‌ಸಿವಿಎಸ್‌ನ ಪರೀಕ್ಷೆ. ರೆಸಿಡೆನ್ಸಿ ಮುಗಿಸಿದ ಮಾತ್ರಕ್ಕೆ ಬೈಪಾಸ್ ಬರುವುದಿಲ್ಲ, ಅದು ಅಲ್ಲಿ ಕಡ್ಡಾಯವೂ ಅಲ್ಲ. ಆ ಮೇಲೆ ಬೈಪಾಸ್ ಮಾಡುವ ಕೇಂದ್ರದಲ್ಲಿ ವರ್ಷಗಟ್ಟಲೆ ಎರಡನೆಯ ಸಹಾಯಕ, ಮೊದಲ ಸಹಾಯಕ ಎಂದು ನಿಲ್ಲಬೇಕು. ಜಪಾನಿನಲ್ಲಿ ಅಲ್ಲಿಯ ಪರವಾನಗಿಯಿಲ್ಲದೆ ರೋಗಿಯ ಮೇಲೆ ಕೈ ಇಡುವಂತಿಲ್ಲ, ನೋಡುವುದಷ್ಟೇ. ಹಾಗೆ ನೋಡಲು ಹೋಗುವವರು ಒಬ್ಬರೇ ಹೋಗಬಾರದು. ಸರ್ಜನ್ ಜೊತೆ ಅರಿವಳಿಕೆಯವರು, ಪಂಪಿನವರು ಹೋದರೆ ಮೂವರೂ ಬೇರೆ ಬೇರೆ ವಿಷಯ ನೋಡಿಕೊಂಡು ಬರುತ್ತಾರೆ. ಮೇಜಿನ ಸುತ್ತ ಎಂಟು ಹತ್ತು ಜನ ಬೇಕಾಗುವ ಕೆಲಸ ಇದು.

ಇಲ್ಲಿ ಇನ್ನೊಂದು ದಾರಿಯನ್ನು ನಮ್ಮ ಪಶುವೈದ್ಯರು ಅಷ್ಟಾಗಿ ಗಮನಿಸಿಲ್ಲ. ಮನುಷ್ಯರಿಗೆ ಹಾಕುವ ಕೃತಕ ಕವಾಟಗಳನ್ನು ಮೊದಲು ಕುರಿಗಳಲ್ಲಿ ಪರೀಕ್ಷಿಸುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಚಿತ್ರಾ ಕವಾಟ 1990ರಲ್ಲಿ ಮನುಷ್ಯರಿಗೆ ಬರುವ ಮುನ್ನ ಕುರಿಗಳಲ್ಲಿ ಕೆಲಸ ಮಾಡಿತ್ತು. ಇಂಥ ಪರವಾನಗಿ ಪಡೆದ ಪ್ರಯೋಗಾಲಯಗಳಲ್ಲಿ ಅರಿವಳಿಕೆ, ಪಂಪ್ ನಂತರದ ಆರೈಕೆ ಪಶುವೈದ್ಯರ ಹೊಣೆ; ಕೆಲಸಕ್ಕೆ ಸೇರಿದರೆ ಬೈಪಾಸ್ ಆದ ಪ್ರಾಣಿಯನ್ನು ಎಬ್ಬಿಸಿ ನಿಲ್ಲಿಸುವುದು ರೂಢಿಯಾಗುತ್ತದೆ. ಅಭ್ಯಾಸಕ್ಕೆಂದು ಬೀದಿನಾಯಿಗಳನ್ನು ತರುವ ಆಲೋಚನೆ ಯಾರಾದರೂ ಕೊಟ್ಟರೆ ಅಲ್ಲಿಗೇ ಬಿಡಿ. ಅದು ಕಾನೂನಿಗೂ ವಿರುದ್ಧ; ಪ್ರಾಣಿಗಳ ಮೇಲಿನ ಯಾವ ಪ್ರಯೋಗಕ್ಕೂ ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆಯ ಕೇಂದ್ರ ಸಮಿತಿ ಸಿಸಿಎಸ್ಇಎಯ ನೋಂದಣಿ, ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಬೇಕು.

ಹೃದಯ ನಿಲ್ಲಿಸದೆಯೇ ಸೋರುವ ದಳಗಳನ್ನು ಕ್ಲಿಪ್‌ನಿಂದ ಜೋಡಿಸುವ ಟೀರ್ ವಿಧಾನವೂ ಬಂದಿದೆ. ಎದೆಯಲ್ಲಿ ಚಿಕ್ಕ ಗಾಯ ಮಾಡಿ, ಬಡಿಯುವ ಹೃದಯದ ತುದಿಯಿಂದ ಉಪಕರಣ ತೂರಿಸಿ, ಅನ್ನನಾಳದ ಎಕೋ ನೋಡುತ್ತ ಎರಡೂ ದಳ ಹಿಡಿಯುವುದು. ಅಮೆರಿಕದಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯ ಇದನ್ನು ಬೆಳೆಸಿತು. 2024ರಲ್ಲಿ ದೆಹಲಿಯಲ್ಲಿ ಬೀಗಲ್ ಒಂದಕ್ಕೂ ಮಾಡಿದರು. ಪಂಪ್ ಬೇಡ, ದಾನಿ ರಕ್ತ ಕಡಿಮೆ, ತಂಡ ಚಿಕ್ಕದು. ಬೆಲೆ ತೆರುವುದು ಬೇರೆ ಕಡೆ: ಸೋರಿಕೆ ಪೂರ್ತಿ ನಿಲ್ಲುವುದು ಖಾತ್ರಿಯಿಲ್ಲ, ಎಲ್ಲ ಕವಾಟಗಳಿಗೂ ಒಗ್ಗುವುದಿಲ್ಲ, ಎಕೋ ನೋಡುವವರು ಸರ್ಜನ್‌ಗೆ ಸರಿಸಮ ನುರಿತವರಾಗಿರಬೇಕು. ನಿಮ್ಮ ಅನುಭವ, ಊರು ಎರಡನ್ನೂ ಇಟ್ಟು ನೋಡಿದರೆ, ಐದು ವರ್ಷದೊಳಗೆ ನಿಮ್ಮ ಕೈಗೆ ಬರಬಹುದಾದದ್ದು ಬೈಪಾಸ್‌ಗಿಂತ ಟೀರ್ ಎಂದೇ ನಮಗೆ ಅನ್ನಿಸುತ್ತದೆ. ಅದಕ್ಕೂ ಬೇಕಾದ ತಯಾರಿ ಮೇಲೆ ಹೇಳಿದ್ದೇ: ಎಕೋ, ಪಿಡಿಎ, ಎದೆಯ ಅರಿವಳಿಕೆ, ರಾತ್ರಿಯ ಐಸಿಯು.

ಹೊರದೇಶದ ಕೇಂದ್ರಕ್ಕೆ ಅರ್ಜಿ ಹಾಕುವಾಗ ನಾಲ್ಕು ಪ್ರಶ್ನೆ ಬರೆದು ಕೇಳಿ. ವಾರಕ್ಕೆ ಎಷ್ಟು ಬೈಪಾಸ್ ಆಗುತ್ತವೆ? ನಾನು ನಿಲ್ಲುವುದು ಮೇಜಿನ ಬಳಿಯೋ, ಗಾಜಿನಾಚೆಯೋ? ಸತ್ತ ರೋಗಿಗಳ ಚರ್ಚಾಸಭೆಗೆ ನನಗೆ ಪ್ರವೇಶವಿದೆಯೇ? ಮುಖ್ಯ ಸರ್ಜನ್ ಅಥವಾ ಪರ್ಫ್ಯೂಷನಿಸ್ಟ್ ಬಿಟ್ಟುಹೋದರೆ ಕಾರ್ಯಕ್ರಮ ನಡೆಯುತ್ತದೆಯೇ? ಒಬ್ಬಿಬ್ಬರ ಮೇಲೆ ನಿಂತ ಕಾರ್ಯಕ್ರಮದಲ್ಲಿ ನಡುವೆ ಒಬ್ಬರು ಹೋದರೂ ನಿಮ್ಮ ಎರಡು ವರ್ಷ ನೀರಿಗೆ ಬಿದ್ದ ಹಾಗೆ. ಮೂರನೆಯ ಪ್ರಶ್ನೆಗೆ ಹೌದು ಎಂದ ಕೇಂದ್ರ ಸಂಬಳ ಕಡಿಮೆ ಕೊಟ್ಟರೂ ಅಲ್ಲಿಗೇ ಹೋಗಿ.